ಬರೆಯೋ ಕೈ ಕಡೆಗೆ ತಿರುಗಿಸು

ಬಸವೇಶ್ವರನಗರದ ತನ್ನ ಮನೆಯಿಂದ ಮಲ್ಲತ್ತಹಳ್ಳಿಗೆ ಕಾರಿನಲ್ಲಿ ಹೊರಟ ಒಬ್ಬ ನಿವೃತ್ತ ಮನುಷ್ಯ ಕೊನೆಗೆ ಎಲ್ಲಿಗೆ ತಲುಪಿದ, ಹೇಳಿ ನೋಡೋಣ? ಕೆಂಗೇರಿ ಅಂತೀರಾ? ಅಲ್ಲ. ವಿಜಯನಗರ? ಹತ್ತಿರ ಬಂದ್ರಿ, ಆದರೂ ಅಲ್ಲ. ಗೊತ್ತಾಗದಿದ್ದರೆ ಬೇಜಾರು ಬೇಡ, ಆ ಮನುಷ್ಯನಿಗೂ ತಲುಪಿದ ಮೇಲೇ ಗೊತ್ತಾದದ್ದು. ಆ ಮನುಷ್ಯ ನಾನೇ. ನನಗೆ ಇಂಥವು ಆಗುತ್ತಲೇ ಇರುತ್ತವೆ. ಅದಕ್ಕೆ ಅರ್ಧ ಕಾರಣ ನಾನು, ಇನ್ನರ್ಧ ನನ್ನ ಗೆಳೆಯ. ಈ ಸಲವಂತೂ ಅವನು ಬದುಕಿಯೇ ಇರಲಿಲ್ಲ, ಆದರೂ ತನ್ನ ಪಾಲಿನ ಅರ್ಧವನ್ನು ಬಿಟ್ಟುಕೊಡಲಿಲ್ಲ!

ನಾವಿಬ್ಬರೂ ಹವ್ಯಾಸಕ್ಕೆ ಕಾರ್ ರ‍್ಯಾಲಿಗೆ ಹೋಗುತ್ತಿದ್ದವರು. ರ‍್ಯಾಲಿ ಅಂದಕೂಡಲೇ ಧೂಳೆಬ್ಬಿಸಿಕೊಂಡು ಹಾರುವ ಕಾರು ಅಂದುಕೊಳ್ಳಬೇಡಿ. ನಮ್ಮದು ನಡೆಸುವವರು ಹೇಳಿದ ದಾರಿಯಲ್ಲಿ, ಹೇಳಿದ ವೇಗದಲ್ಲಿ, ಹೇಳಿದ ಹೊತ್ತಿಗೆ ಸರಿಯಾಗಿ ಮುಟ್ಟುವ ಆಟ. ತಡವಾಗಿ ಬಂದರೆ ದಂಡ. ಬೇಗ ಬಂದರೂ ದಂಡ. ಕಾರು ಓಡಿಸುವವನು ನಾನು. ಎಡಗಡೆ ಸೀಟಿನಲ್ಲಿ ಕೂತು ದಾರಿ ಹೇಳುವವನು, ಅಂದರೆ ನ್ಯಾವಿಗೇಟರ್, ಅವನು.

೧. ಕೈ ಯಾವುದು?

ನಾವಿಬ್ಬರೂ ಒಂದೇ ಕಾರ್ಖಾನೆಯವರು. ನಾನು ಡಿಸೈನ್ ವಿಭಾಗ, ಅವನು ಸ್ಟೋರ್ಸ್. ಭೇಟಿಯಾಗುತ್ತಿದ್ದದ್ದು ಕ್ಯಾಂಟೀನಿನಲ್ಲಿ ಮಾತ್ರ. ಮೊದಲ ರ‍್ಯಾಲಿಗೆ ಹೊರಟಾಗ ಅವನು ಗುಟ್ಟಾಗಿ ಒಂದು ವಿಷಯ ಹೇಳಿದ. "ಗಾಬರಿ ಆದ್ರೆ ನಂಗೆ ಎಡ ಬಲ ಅದಲುಬದಲಾಗುತ್ತೆ ಕಣೋ. ಎಡ ಅನ್ನೋಕೆ ಹೋಗಿ ಬಲ ಅಂತೀನಿ. ಅದಕ್ಕೆ ನಾನು ಕೈ ಲೆಕ್ಕದಲ್ಲಿ ಹೇಳ್ತೀನಿ. ಬರೆಯೋ ಕೈ, ಬರೆಯದಿರೋ ಕೈ. ತಪ್ಪೋ ಮಾತೇ ಇಲ್ಲ."

ಎಂಥ ಬುದ್ಧಿವಂತಿಕೆ ಅಂತ ಬೆನ್ನು ತಟ್ಟಿದೆ.

"ಬರೆಯೋ ಕೈಗೆ ತಿರುಗಿಸು" ಅಂದ. ಬಲಕ್ಕೆ ತಿರುಗಿಸಿದೆ. "ಬರೆಯದಿರೋ ಕೈಗೆ" ಅಂದ. ಎಡಕ್ಕೆ ತಿರುಗಿಸಿದೆ. ರಸ್ತೆ ಹೋಗಿ ಕಾಲುದಾರಿಯಾಯಿತು, ಕಾಲುದಾರಿ ಹೋಗಿ ರಾಗಿ ಹೊಲವಾಯಿತು. ಕೊನೆಗೆ ಒಂದು ದನದ ಕೊಟ್ಟಿಗೆಯ ಮುಂದೆ ನಿಂತೆವು. ಎಮ್ಮೆಯೊಂದು ಕಿಟಕಿಯೊಳಗೆ ಮುಖ ತೂರಿಸಿ ಇಬ್ಬರನ್ನೂ ನೋಡಿತು. ಅವನು ದಾರಿಯ ನಕ್ಷೆಯ ಮೇಲೆ ಗುರುತು ಹಾಕಲು ಪೆನ್ನು ತೆಗೆದ. ಎಡಗೈಯಲ್ಲಿ!

"ಲೋ, ನೀನು ಎಡಚನಾ? ದಿನಾ ಕ್ಯಾಂಟೀನಲ್ಲಿ ಬಲಗೈಲಿ ಊಟ ಮಾಡ್ತೀಯಲ್ಲೋ!"

"ಊಟದ ಕೈನ ನಮ್ಮಜ್ಜಿ ಹೊಡೆದು ತಿದ್ದಿದ್ಲು" ಅಂದ. "ಬರೆಯೋ ಕೈ ತಿದ್ದೋಣ ಅಂದ್ರೆ ಪಾಪ, ಅವಳಿಗೇ ಬರೆಯೋಕೆ ಬರ್ತಿರಲಿಲ್ಲ."

೨. ಬೇಗ ಬಂದ ತಪ್ಪು

ಇನ್ನೊಂದು ಸಲ ಮಾಗಡಿ ರಸ್ತೆಯ ಆಚೆ ದಾರಿ ತಪ್ಪಲೇ ಇಲ್ಲ. ಅದೇ ತೊಂದರೆಯಾಯಿತು. ತಪ್ಪುತ್ತೇವೆ ಅಂತ ಜೋರಾಗಿ ಬಂದಿದ್ದೆವು, ತಪ್ಪದೇ ಇದ್ದದ್ದರಿಂದ ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿದ್ದೆವು. ಎದುರಿಗೇ ಹುಣಸೆಮರದ ಕೆಳಗೆ ಮೇಜು, ಮೇಜಿನ ಹಿಂದೆ ಗಡಿಯಾರ ಹಿಡಿದ ಅಧಿಕಾರಿ. ನಿಲ್ಲಿಸುವ ಹಾಗಿಲ್ಲ, ನಿಂತರೂ ದಂಡ.

"ನಿಧಾನ ಕಣೋ, ನಿಧಾನ. ಬಸುರಿ ನಡೆದ ಹಾಗೆ ಹೋಗು" ಅಂದ ಗೆಳೆಯ.

ಕಾರನ್ನು ತೆವಳಿಸಿದೆ. ಅರಳಿಕಟ್ಟೆಯ ಮೇಲೆ ಕೂತಿದ್ದ ಹುಡುಗರು ನೋಡಿದರು. "ಪಾಪ ಅಂಕಲ್, ಗಾಡಿ ಕೈಕೊಡ್ತಾ? ಬನ್ರೋ ಮಗಾ!" ಅಂತ ಒಬ್ಬ ಕೂಗಿದ. ಬೇಡ ಬೇಡ ಅಂತ ನಾವು ಕಿಟಕಿಯಿಂದ ಕೈಯಾಡಿಸಿದೆವು, ಅವರು ಬೇಗ ಬೇಗ ಅಂತ ತಿಳಿದುಕೊಂಡರು. ಹೋ ಅಂತ ಹಿಂದಿನಿಂದ ತಳ್ಳಿದ ರಭಸಕ್ಕೆ ಕಾರು ಮೇಜನ್ನೂ ದಾಟಿ ಹೋಗಿ ನಿಂತಿತು.

ಅಧಿಕಾರಿ ಗಡಿಯಾರ ನೋಡಿ "ತುಂಬಾ ಬೇಗ ಬಂದ್ರಿ ಸಾರ್" ಅಂದರು.

ಗೆಳೆಯ ನಿಟ್ಟುಸಿರು ಬಿಟ್ಟು ಹೇಳಿದ. "ನಾವು ಬರಲಿಲ್ಲ ಸಾರ್. ನಮ್ಮನ್ನ ತಂದ್ರು."

೩. ಕಪ್ಪು

ಇಷ್ಟೆಲ್ಲ ಮಾಡಿ ನಾವು ಒಂದು ಕಪ್ಪನ್ನೂ ಗೆದ್ದಿದ್ದೇವೆ. ಅವತ್ತು ನಾವು ಮುಟ್ಟಿದಾಗ ಬಹುಮಾನ ಸಮಾರಂಭ ಮುಗಿದು ಶಾಮಿಯಾನ ಬಿಚ್ಚುತ್ತಿದ್ದರು. ರ‍್ಯಾಲಿ ನಡೆಸಿದವರಿಗೆ ನಮ್ಮ ಮುಖ ನೋಡಿ ಕನಿಕರವಾಯಿತು. ಒಂದೇ ಒಂದು ಕಪ್ಪು ಉಳಿದಿತ್ತು, ಯಾಕೆಂದರೆ ಅದನ್ನು ತೆಗೆದುಕೊಳ್ಳುವವರು ಯಾರೂ ಬಂದಿರಲಿಲ್ಲ. ಅದನ್ನೇ ನಮಗೆ ಕೊಟ್ಟರು. ಮನೆಗೆ ಬಂದು ಓದಿ ನೋಡಿದರೆ ಅದರ ಮೇಲೆ "ಅತ್ಯುತ್ತಮ ಮಹಿಳಾ ತಂಡ" ಅಂತ ಕೆತ್ತಿತ್ತು!

ವಾಪಸ್ ಕೊಡೋಣ ಅಂದೆ. "ಸುಮ್ನಿರು, ಗೋಡೆ ಕಡೆ ತಿರುಗಿಸಿಟ್ರಾಯ್ತು" ಅಂದ. ಒಂದು ವರ್ಷ ನಮ್ಮ ಮನೆಯಲ್ಲಿ, ಒಂದು ವರ್ಷ ಅವನ ಮನೆಯಲ್ಲಿ ಅಂತ ಮಾತಾಯಿತು. ಅಂದಿನಿಂದ ಆ ಕಪ್ಪು ಎರಡೂ ಮನೆಗಳಲ್ಲಿ, ತಪ್ಪು ಮಾಡಿದ ಹುಡುಗನ ಹಾಗೆ, ಗೋಡೆಗೆ ಮುಖ ಮಾಡಿಕೊಂಡೇ ನಿಂತಿದೆ.

೪. ಎಡ

ಈ ವರ್ಷ ಕಪ್ಪು ಅವನ ಮನೆಗೆ ಹೋಗಬೇಕಿತ್ತು. ಆಸ್ಪತ್ರೆಯ ಮಂಚದ ಮೇಲೂ ಅವನಿಗೆ ಅದೇ ಚಿಂತೆ. "ಈ ಸಲ ನಮ್ಮನೆ ಪಾಳಿ, ನೆನಪಿರಲಿ. ಬೇಗ ತರಬೇಡ, ದಂಡ. ತಡಾನೂ ಮಾಡಬೇಡ." ಆಮೇಲೆ ಅವನೇ ಬೇಗ ಹೊರಟುಬಿಟ್ಟ. ಅದಕ್ಕೆ ಯಾರಿಗೆ ದಂಡ ಹಾಕುತ್ತಾರೋ ನನಗಿನ್ನೂ ಅರ್ಥವಾಗಿಲ್ಲ.

ಹನ್ನೊಂದನೇ ದಿನದ ತಿಥಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯಲ್ಲಿ ಫೋಟೋ ಮುಂದೆ ಇಡುತ್ತಾರಲ್ಲ, ಎಡೆ, ಆ ಎಡೆಯ ಜೊತೆ ಕಪ್ಪೂ ಇರಬೇಕು ಅಂತ ಅವನ ಹೆಂಡತಿಯ ಹಟ. "ಅಣ್ಣಾ, ನೀವು ಕಪ್ ತರೋ ತನಕ ಎಡೆ ಇಡಲ್ಲ. ಎಡೆ ಇಡೋ ತನಕ ಯಾರೂ ಊಟಕ್ಕೆ ಕೂರೋ ಹಾಗಿಲ್ಲ" ಅಂದಿದ್ದಳು.

ಕಪ್ಪನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟನ್ನೂ ಹಾಕಿ, ಹೊರಟೆ. ಅವನ ಮನೆಗೆ ನೂರು ಸಲ ಹೋಗಿದ್ದೇನೆ. ಆದರೆ ಪ್ರತಿಸಲವೂ ಪಕ್ಕದಲ್ಲಿ ಅವನೇ ಕೂತು ತಿರುವು ಹೇಳುತ್ತಿದ್ದನಲ್ಲ, ನಾನು ದಾರಿಯನ್ನೇ ನೋಡಿರಲಿಲ್ಲ ಅಂತ ಅವತ್ತು ಗೊತ್ತಾಯಿತು. ಕಾಮಾಕ್ಷಿಪಾಳ್ಯ ದಾಟಿದೆ. ಮಾಂಸದಂಗಡಿಗಳ ಮುಂದಿನ ಕ್ಯೂ ರಸ್ತೆಯವರೆಗೂ ಬಂದಿತ್ತು. ರಿಂಗ್ ರಸ್ತೆ ಹತ್ತಿ, ಇನ್ನು ಯಾವ ಕಡೆ ಅಂತ ಕಕ್ಕಾಬಿಕ್ಕಿಯಾಗಿರುವಾಗ ಫೋನು ಬಂತು. ಅವನ ಹೆಂಡತಿ. ಹಾರ್ನುಗಳ ಗದ್ದಲದಲ್ಲಿ ಕೇಳಿಸಿದ್ದು ಇಷ್ಟೇ: "ಅಣ್ಣಾ, ಎಡ...ಗೆ ಬನ್ನಿ!"

ಸರಿ, ಎಡಗಡೆಗೆ ತಿರುಗಿದೆ.

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಫೋನು. "ಎಲ್ಲಿದೀರಾ? ಎಡ...ಗೆ ಬನ್ನಿ ಅಣ್ಣಾ!" ಮತ್ತೆ ಎಡಗಡೆ. ಅಷ್ಟರಲ್ಲಿ ಕಾಮಾಕ್ಷಿಪಾಳ್ಯ ಮತ್ತೆ ಬಂತು. ಬೆಂಗಳೂರು ಬೆಳೆದಿದೆ, ಇದು ಇನ್ನೊಂದು ಕಾಮಾಕ್ಷಿಪಾಳ್ಯ ಇರಬೇಕು ಅಂದುಕೊಂಡೆ. ಮೂರನೇ ಫೋನಿನಲ್ಲಿ ಅವಳು ಅಳುವುದೊಂದು ಬಾಕಿ. "ಎಡ...ಗೆ, ಎಡ...ಗೆ!" ಎಡಕ್ಕೆ ತಿರುಗಿ ಬ್ರೇಕ್ ಹಾಕಿದೆ. ಎದುರಿಗೆ ನಮ್ಮ ಮನೆಯ ಗೇಟು! ಗೇಟಿನಲ್ಲಿ ನನ್ನ ಹೆಂಡತಿ.

"ಇಷ್ಟು ಬೇಗ ಬಂದ್ರಾ? ಊಟ ಆಯ್ತಾ?"

"ಆಯಮ್ಮ ಎಡಗಡೆಗೆ ಬನ್ನಿ, ಎಡಗಡೆಗೆ ಬನ್ನಿ ಅಂತ ಇಲ್ಲಿಗೇ ಕಳಿಸಿದ್ಲು ಕಣೇ!"

"ಎಡಗಡೆ ಅಲ್ರೀ, ಎಡೆ! ಎಡೆಗೆ ಹೊತ್ತಾಯ್ತು ಬನ್ನಿ ಅಂತ ಕರೀತಾ ಇರೋದು!" ಅಂತ ಹಣೆ ಚಚ್ಚಿಕೊಂಡಳು. ಕಪ್ಪನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಎಡಗಡೆ ಸೀಟಿನಲ್ಲಿ ಕೂತೇಬಿಟ್ಟಳು. ಬಲ ಅಂದರೆ ಬಲಕ್ಕೆ, ಎಡ ಅಂದರೆ ಎಡಕ್ಕೆ ಕೈ ಚಾಚಿ ತೋರಿಸಿದಳು. ನನ್ನ ರ‍್ಯಾಲಿ ಜೀವನದಲ್ಲೇ ಮೊದಲ ಸಲ ದಾರಿ ತಪ್ಪದೆ, ಯಾರಿಂದಲೂ ತಳ್ಳಿಸಿಕೊಳ್ಳದೆ ತಲುಪಿದೆ.

ಮಲ್ಲತ್ತಹಳ್ಳಿಯಲ್ಲಿ ನೆಂಟರೆಲ್ಲ ಹಸಿದು ನಮ್ಮನ್ನೇ ಕಾಯುತ್ತಿದ್ದರು. ಅವನ ದೊಡ್ಡಪ್ಪ ಕಪ್ಪನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿಯೇಬಿಟ್ಟರು. "ಅತ್ಯುತ್ತಮ... ಮಹಿಳಾ... ತಂಡ." ಅವರು ಒಮ್ಮೆ ಫೋಟೋ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಯಾವ ಕಡೆ ಇಡ್ಲಿ?" ಅಂದರು ಅಷ್ಟೇ.

"ಅವರು ಬರೆಯೋ ಕೈ ಕಡೆ ಇಡಿ" ಅಂದಳು ಅವನ ಹೆಂಡತಿ.

ದೊಡ್ಡಪ್ಪ ಬಲಕ್ಕಿಟ್ಟರು. "ಅವನು ಎಡಚ" ಅಂದೆ. ಎಡಕ್ಕಿಟ್ಟರು. "ಫೋಟೋ ನಮ್ಮ ಕಡೆ ಮುಖ ಮಾಡಿದೆಯಲ್ಲ, ಅವನ ಎಡ ಅಂದ್ರೆ ನಮ್ಮ ಬಲ" ಅಂದರು ಒಬ್ಬರು. ಮತ್ತೆ ಬಲಕ್ಕೆ ಹೋಯಿತು. "ಎಡೆ ತಿನ್ನೋನು ಎಲೆ ಕಡೆ ನೋಡ್ತಾನೋ, ನಮ್ಮ ಕಡೆ ನೋಡ್ತಾನೋ?" ಅಂದರು ಇನ್ನೊಬ್ಬರು. ಸಾರು ಆರುತ್ತಿತ್ತು. ಕಪ್ಪು ಅತ್ತಿಂದಿತ್ತ ಓಡಾಡುತ್ತಿತ್ತು. ಫೋಟೋದಲ್ಲಿ ಅವನೊಬ್ಬ ನಗುತ್ತಿದ್ದ.

ಕೊನೆಗೆ ಅವನ ಹೆಂಡತಿ ಎದ್ದು ಬಂದು ಕಪ್ಪು ಕಿತ್ತುಕೊಂಡಳು. "ಮಧ್ಯದಲ್ಲಿರ್ಲಿ. ಹೆಂಗಿದ್ರೂ ಅವರು ಎರಡು ಕಡೆಗೂ ಹೋಗೋರು" ಅಂದು ನಕ್ಕಳು. ಅಷ್ಟು ದಿನದಲ್ಲಿ ಅದೇ ಅವಳ ಮೊದಲ ನಗು ಅಂತೆ. ಎಲ್ಲರೂ ನಕ್ಕರು. ಕೇಳಿದೆಯೇನೋ ಅಂತ ಅವನಿಗೆ ಹೇಳಲು ಅಭ್ಯಾಸದಂತೆ ಎಡಕ್ಕೆ ತಿರುಗಿದೆ. ಅಲ್ಲಿ ನನ್ನ ಹೆಂಡತಿ ನಿಂತಿದ್ದಳು. ಇವಳು ಕಪ್ಪನ್ನು ನೋಡಿದಳು, ಆಮೇಲೆ ಅವನ ಹೆಂಡತಿಯನ್ನು ನೋಡಿದಳು.

"ಅಲ್ಲಮ್ಮಾ, ಮುಂದಿನ ರ‍್ಯಾಲಿಗೆ ನಾವಿಬ್ಬರೇ ಹೋದ್ರೆ ಹೆಂಗೆ? ಆ ಬರಹಕ್ಕೆ ಒಂದು ಮರ್ಯಾದೆ ಬರುತ್ತೆ."

"ಹೋಗೋಣ ಅಕ್ಕಾ. ಅಣ್ಣ ಹಿಂದಿನ ಸೀಟಲ್ಲಿ ಕೂರ್ಲಿ. ಬಾಯಿ ಬಿಡಬಾರದು."

ಇದು ಮಾತಿಗಂದದ್ದಲ್ಲ. ಇಬ್ಬರೂ ಈಗ ಭಾನುವಾರ ಬಂದರೆ ಕಾರು ತೆಗೆಯುತ್ತಾರೆ. ನಾನು ಹಿಂದೆ ಕೂತು, ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಗೊತ್ತಾಗದೆ, ಖುಷಿಯಾಗಿ ಕಿಟಕಿಯಾಚೆ ನೋಡುತ್ತಿರುತ್ತೇನೆ. ಆಗಲೇಬೇಕಲ್ಲ! ಆ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ ಅಂತ ನಮ್ಮ ಕಡೆ ನಂಬಿಕೆ. ಅವನ ಎಡೆಯೂ, ನನ್ನ ಎಡವೂ, ಆ ಕಪ್ಪೂ ಸೇರಿ ಇಷ್ಟೆಲ್ಲ ನಡೆದದ್ದು ಯುಗಾದಿಯ ಮಾರನೇ ದಿನ. ಹೊಸತೊಡಕು.