ಹೊತ್ತು ಮುಳುಗಿದ ಮೇಲೆ ಬರುವ ನಿಮ್ಮ ಪಾದಚಾರಿಗಳು

ಸಾಂಗ್ಲಿ-ಮಿರಜ ಸೀಮೆಯ ಕಾಲ್ನಡೆ ಕೈಪಿಡಿಯನ್ನು ಬರೆದು ನಾಡಿಗೆ ಉಪಕಾರ ಮಾಡಿದ ಮಹನೀಯರಿಗೆ, ಸಮಡೋಳಿಯ ಅರಿಸಿನದ ವ್ಯಾಪಾರಿ ಪಾರಿಸ ಭೂಪಾಲ ಚೌಗುಲೆಯ ಶಿರಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ವ್ಯಾಪಾರಿಯಾದ್ದರಿಂದ ಮೊದಲು ಖರ್ಚು ಹೇಳಿಬಿಡುತ್ತೇನೆ. ತಮ್ಮ ಕೈಪಿಡಿ ಅಚ್ಚಾದ ಮೇಲೆ ನಮ್ಮ ಮನೆಯಲ್ಲಿ ಸವೆದದ್ದು ಪಡಸಾಲೆಯ ಚಾಪೆ, ಕಂದೀಲಿನ ಎಣ್ಣೆ ಮತ್ತು ನನ್ನ ಹೆಂಡತಿ ಚಂದ್ರಾಬಾಯಿ. ಚಾಪೆಯೂ ಎಣ್ಣೆಯೂ ಪೇಟೆಯಲ್ಲಿ ಸಿಗುತ್ತವೆ.

ಮಿರಜದಲ್ಲಿ ಮಧ್ಯಾಹ್ನದ ಊಟ ಮುಗಿಸಿ ಹೊರಟವರು ಸಾಂಗ್ಲಿಯ ಪೇಟೆ ನೋಡಿ, ಕೃಷ್ಣೆಯ ಸೇತುವೆ ದಾಟಿ, ಹೊತ್ತಿರುವಾಗಲೇ ಸಮಡೋಳಿ ಮುಟ್ಟಿ, ಚೌಗುಲೆಯವರ ಮನೆಯಲ್ಲಿ ಬಿಸಿ ರೊಟ್ಟಿ ಉಣ್ಣಬಹುದೆಂದೂ ಹಸಿದವರಿಗೆ ಆ ಬಾಗಿಲು ಎಂದೂ ಮುಚ್ಚಿದ್ದಿಲ್ಲವೆಂದೂ ತಾವು ಬರೆದಿದ್ದೀರಿ. ಬರವಣಿಗೆ ಮುತ್ತಿನಂತಿದೆ. ತಾವು ಹೊತ್ತಿರುವಾಗ ಬಂದದ್ದೂ ರೊಟ್ಟಿ ಉಂಡದ್ದೂ ನಿಜ. ಬಂದದ್ದು ಟಾಂಗಾದಲ್ಲಿ ಎಂಬ ಮಾತು ಮಾತ್ರ ಛಾಪಖಾನೆಯಲ್ಲಿ ಎಲ್ಲೋ ಉದುರಿರಬೇಕು. ಕುದುರೆಗೆ ನೀರು ಕುಡಿಸಿದವನು ನಾನಾದ್ದರಿಂದ ನೆನಪಿದೆ.

ಕುದುರೆಯ ಕಾಲಿನ ಲೆಕ್ಕ ನಂಬಿ ಸ್ವಂತ ಕಾಲಿನಲ್ಲಿ ಬರುವ ಮಾಸ್ತರರೂ ಕಾರಕೂನರೂ ನಮ್ಮ ಕಟ್ಟೆ ಹತ್ತುವಾಗ ದೀಪ ಹಚ್ಚಿ ಆಗಿರುತ್ತದೆ. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಲೆ ಉರಿಯುವುದಿಲ್ಲ, ಯಾರಿಗೂ ತಾಟು ಹಾಕುವುದಿಲ್ಲ. ಬಂದವರು ಬರಿಹೊಟ್ಟೆಯಲ್ಲಿ ಮಲಗಿದ್ದನ್ನು ಒಮ್ಮೆ ಕಂಡ ಚಂದ್ರಾಬಾಯಿ, ಈಗ ಸಂಜೆ ತನ್ನ ತಾಟು ಮುಚ್ಚಿಟ್ಟು, ಅವರ ಜೊತೆಗೇ ಉಣ್ಣುತ್ತೇನೆಂದು ಹಾದಿ ಕಾಯುತ್ತಾಳೆ. ಅವರಿಗಿಂತ ಮೊದಲು ಸೂರ್ಯ ಮನೆ ಸೇರುತ್ತಾನೆ. ಹೊತ್ತಿರುವಾಗಲೇ ನೀನಾದರೂ ಉಣ್ಣು ಎಂದರೆ, "ಉಂಡ ಕೈ ತೊಳಕೊಂಡು ಹಸದವರಿಗೆ ಚಾಪಿ ಹಾಸ್ಲೇನ್ರಿ?" ಎಂದು ನನ್ನನ್ನೇ ಕೇಳುತ್ತಾಳೆ. ಮುಂಗೈಯ ಬಳೆಗಳು ಮೊಣಕೈಗೆ ಸರಿಯುತ್ತಿವೆ. ಅವಳೆದುರು ಒಬ್ಬನೇ ಉಣ್ಣುವ ಧೈರ್ಯ ನನಗೂ ಇಲ್ಲ.

ಮೊನ್ನೆ ಮಿರಜದ ಮಾಸ್ತರರೊಬ್ಬರು ತಮ್ಮ ಪುಟ ತೆರೆದು, "ರೊಟ್ಟಿ ಅಂತ ಅಚ್ಚ ಆಗೇತ್ರಿ ಕಾಕಾ," ಎಂದರು. "ಹಂಗಾರ ಆ ಹಾಳೀನ ಉಣ್ರಿ ಮಾಸ್ತರ," ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಚಂದ್ರಾಬಾಯಿ ನೋಡಿದಳು, ನುಂಗಿದೆ. ಆ ರಾತ್ರಿ ನಾನು ನುಂಗಿದ್ದು ಅದೊಂದೇ.

ಆದ್ದರಿಂದ ಕೈಮುಗಿದು ಕೇಳುತ್ತೇನೆ: ಪ್ರತಿ ಪುಸ್ತಕದ ಜೊತೆ ಒಂದು ಟಾಂಗಾ ಕೊಡಿ. ಇಲ್ಲವೇ ಸಮಡೋಳಿಯನ್ನು ಒಂದು ಹರದಾರಿ ಮಿರಜದ ಕಡೆ ಸರಿಸಿಕೊಡಿ. ಸಂಸ್ಥಾನದ ಗಡಿ ಅಡ್ಡ ಬಂದರೆ ಸಾಂಗ್ಲಿ, ಮಿರಜ ಎರಡೂ ದರಬಾರುಗಳ ಅಪ್ಪಣೆ ನಾನು ತರುತ್ತೇನೆ. ಅದೂ ಆಗದಿದ್ದರೆ "ಬೆಳಿಗ್ಗೆ ಹೊರಡಿರಿ" ಎಂದು ಒಂದು ಸಾಲು ತಿದ್ದಿರಿ. ಮೂರರಲ್ಲಿ ಇದೇ ಕಷ್ಟದ್ದೆಂದು ಬಲ್ಲೆ, ಏಕೆಂದರೆ ಟಾಂಗಾದ ಮಾತು ಹೊರಬೀಳುತ್ತದೆ.

ತಮ್ಮ ಕೀರ್ತಿಯಲ್ಲಿ ಹಸಿದ ಪಾಲುದಾರ,
ತಮ್ಮ ವಿಶ್ವಾಸಿ,
ಪಾರಿಸ ಭೂಪಾಲ ಚೌಗುಲೆ

ತಾ.ಕ.: ಕೈಪಿಡಿ ಎರಡನೆಯ ಸಲ ಅಚ್ಚಾಗಿದೆಯೆಂದು ಇದೀಗ ಕಟ್ಟೆ ಹತ್ತಿದ ಇಬ್ಬರು ತೋರಿಸಿದರು. ಸಾಲು ಹಾಗೆಯೇ ಇದೆ. ಹೊತ್ತು ಈಗಷ್ಟೇ ಮುಳುಗಿತು. ಇವತ್ತಿನ ಲಾಭ: ತಮಗೆ ಪುಸ್ತಕದ ಬೆಲೆ, ಅವರಿಬ್ಬರಿಗೆ ಚಾಪೆ, ನನಗೆ ಅಚ್ಚಿನಲ್ಲಿ ಹೆಸರು, ಚಂದ್ರಾಬಾಯಿಗೆ ಮತ್ತೊಂದು ಉಪವಾಸ.