ಅಂಕುರಕ್ಕೆ ಬಿಟ್ಟಿ ಮಣ್ಣು

ಬಳೇಪೇಟೆಯಲ್ಲಿ ಬಳೆ ಮಾರಿ ಸ್ವಂತ ಕಾಲ ಮೇಲೆ ನಿಂತವನು ನಾನು. ಬಿಟ್ಟಿ ಸಿಗುವ ವಸ್ತುವಿಗೆ ದುಡ್ಡು ಕೊಡುವವರನ್ನು ಕಂಡರೆ ಕರುಣೆ ಉಕ್ಕುತ್ತದೆ. ನಿಲ್ಲಿಸಿ ಬುದ್ಧಿ ಹೇಳಿಯೇ ಕಳಿಸುತ್ತೇನೆ.

ಚಾಮರಾಜಪೇಟೆಯ ನನ್ನ ಅಕ್ಕನ ಮಗಳು ವಿದ್ಯಾಳಿಗೆ ಮದುವೆ. ಮದುವೆಗೆ ಮುಂಚೆ ಕುಡಿಕೆಗಳಲ್ಲಿ ನವಧಾನ್ಯ ಬಿತ್ತುವುದು ಅವರ ಮನೆಯ ಪದ್ಧತಿ. ಹಸಿರಾಗಿ ಮೊಳೆತರೆ ಸಂಸಾರವೂ ಹಸಿರು. ಮಣ್ಣು ತರಬೇಕಾದವನು ಸೋದರಮಾವ. ಅಂದರೆ ನಾನು.

"ನರ್ಸರಿಯಿಂದ ಒಂದು ಚೀಲ ತಂದ್ಬಿಡೋ," ಎಂದಳು ಅಕ್ಕ.

"ಮಣ್ಣಿಗೂ ದುಡ್ಡಾ? ನಾನು ಬದುಕಿರೋವರೆಗೂ ಆಗಲ್ಲ."

ನಮ್ಮ ಅಂಗಡಿ ಹಿಂದೆ ಹಳೇ ಗಿಲೀಟು ಕಾರ್ಖಾನೆ ಕೆಡವುತ್ತಿದ್ದರು. ಲೋಹದ ಬಳೆಗಳಿಗೆ ಹೊಳಪು ಲೇಪಿಸುತ್ತಿದ್ದ ಜಾಗ. ಅಲ್ಲಿನ ಮಣ್ಣು ಕಪ್ಪಗೆ, ನುಣ್ಣಗೆ, ಕೆರೆಯ ಗೋಡುಮಣ್ಣಿನಂತಿತ್ತು. ಎರಡು ಚೀಲ ತುಂಬಿಸಿಕೊಂಡು, ಆಟೋ ಬಾಡಿಗೆಯನ್ನೂ ಕೆಡವುವವರ ತಲೆಗೇ ಕಟ್ಟಿದೆ.

ಬಿತ್ತಿದರು, ನೀರು ಚಿಮುಕಿಸಿದರು. ಮೊಳಕೆ ಬರಲಿಲ್ಲ.

"ಬೀಜ ಸತ್ತಿದೆ," ಎಂದು ತೀರ್ಪು ಕೊಟ್ಟು, ದಿನಸಿ ಅಂಗಡಿಯ ಶೆಟ್ಟರ ಮೇಲೆ ಏರಿಹೋದೆ. ಹೊಸ ಕಾಳು, ಮೇಲೆ ಒಂದು ಹಿಡಿ ಕೊಸರು ವಸೂಲಿ ಮಾಡಿದೆ. ಅದೇ ಮಣ್ಣಿಗೆ ಮತ್ತೆ ಬಿತ್ತನೆ! ಈ ಸಲ ನಾಲ್ಕಾರು ಹೆಸರುಕಾಳು ತಲೆ ಎತ್ತಿದವು, ಕಾಮಾಲೆ ರೋಗಿಗಳಂತೆ.

ಅಕ್ಕನ ಕಣ್ಣು ತುಂಬಿತು. "ವರಪೂಜೆ ದಿನ ಹುಡುಗನ ಅಜ್ಜಿ ಇದನ್ನ ನೋಡ್ತಾರೆ ಕಣೋ. ಮೊದಲೇ ಅವರಿಗೆ ಶಕುನದ ಹುಚ್ಚು."

"ಗೊಬ್ಬರ ಹಾಕೋಣ," ಎಂದೆ.

ವಿದ್ಯಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ಒಂದು ಸಸಿ ಕಿತ್ತು ನೋಡಿದಳು. ಬೇರು ಕಂದಿ, ಮೊಟಕಾಗಿತ್ತು.

"ಮಾವ, ಮಣ್ಣು ಎಲ್ಲಿಂದ ತಂದ್ರಿ?"

ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ.

"ಸರಿಹೋಯ್ತು. ಗಿಲೀಟಿನ ನಿಕಲ್, ಕ್ರೋಮಿಯಂ ಎಲ್ಲಾ ಅಲ್ಲೇ ಇಳಿದಿರುತ್ತೆ. ಬೀಜ ನೀರಿನ ಜೊತೆ ಅದನ್ನೂ ಕುಡಿಯುತ್ತೆ. ಮೊಳೆತ್ರೂ ಬೇರು ಇಳಿಯಲ್ಲ, ಎಲೆ ಹಳದಿ ಆಗುತ್ತೆ. ಗೊಬ್ಬರ ಏನ್ಮಾಡುತ್ತೆ ಪಾಪ? ಮೊದ್ಲು ಕೈ ತೊಳ್ಕೊಳ್ಳಿ."

"ನನ್ನ ಮಗಳ ಮದುವೆಗೆ ವಿಷ ತಂದ್ಯೇನೋ?" ಎಂದಳು ಅಕ್ಕ.

"ಬಿಟ್ಟಿ ತಂದೆ," ಎಂದೆ. ಹೇಳಬಾರದಿತ್ತು.

ಅಕ್ಕ ತಾನೇ ನರ್ಸರಿಗೆ ಹೋದಳು. ಹೊಸ ಕುಡಿಕೆ, ಹೊಸ ಮಣ್ಣು, ರಾತ್ರಿ ನೆನೆಸಿದ ಕಾಳು. ವರಪೂಜೆಯ ಹೊತ್ತಿಗೆ ಕುಡಿಕೆಗಳು ಹಸಿರು ಉಕ್ಕಿಸುತ್ತಿದ್ದವು. ಅಜ್ಜಿ ಬಗ್ಗಿ ನೋಡಿ, ಕೈಯಾಡಿಸಿ, "ಎಷ್ಟು ಹುಲುಸಾಗಿದೆಯಮ್ಮ, ಏನು ಮಾಡಿದ್ರಿ?" ಎಂದರು.

"ಏನಿಲ್ಲಮ್ಮ. ನನ್ನ ತಮ್ಮನ್ನ ಹತ್ತಿರ ಬಿಟ್ಕೊಳ್ಳಲಿಲ್ಲ."

ನಾನು ಆಗ ಛತ್ರದ ಬಾಗಿಲಲ್ಲಿ, ಬಂದವರಿಗೆ ಪನ್ನೀರು ಚಿಮುಕಿಸುತ್ತಿದ್ದೆ. ಅದನ್ನೂ ಅಕ್ಕನೇ ಕೊಂಡು ತಂದಿದ್ದಳು.