ಖಾಲಿ ಹೊಟ್ಟೆಯ ಕೇಸು

ಡಾಕ್ಟರ್ ಧನರಾಜನ ಲಾಗ್‌ಬುಕ್ಕಿನಲ್ಲಿ ಒಂದೇ ಜಾಗ ಖಾಲಿ ಉಳಿದಿತ್ತು: ಸ್ವಂತ ಕೈಯಿಂದ ಮಾಡಿದ ಅಪೆಂಡಿಕ್ಸ್ ಆಪರೇಷನ್. ಸೊಲ್ಲಾಪುರದ ಆ ಆಸ್ಪತ್ರೆಯಲ್ಲಿ ಸರ್ಜರಿ ಕಲಿಯಲು ಬಂದ ಮೇಲೆ ಅವನು ಹಿಡಿದ ಕತ್ತರಿಗಿಂತ ಹಿರಿಯರಿಗೆ ತಂದುಕೊಟ್ಟ ಚಹಾದ ಕಪ್ಪುಗಳೇ ಹೆಚ್ಚು. ಆದರೆ ಚಹಾ ಬರೆದುಕೊಳ್ಳಲು ಪುಸ್ತಕದಲ್ಲಿ ಕಾಲಮ್ ಇರಲಿಲ್ಲ. ಇವತ್ತು ಸಂಜೆಯೊಳಗೆ ಮುಖ್ಯಸ್ಥ ಸಾತಲಿಂಗಪ್ಪನವರ ಸಹಿ ಬೀಳದಿದ್ದರೆ ಈ ವರ್ಷದ ಪರೀಕ್ಷೆ ಹೋದಂತೆಯೇ.

ಪುಣ್ಯಕ್ಕೆ ತಡವಳದ ಕುರಿಗಾರ ಕಾಮಣ್ಣ ಅಡ್ಮಿಟ್ ಆಗಿದ್ದ. ಹೋದ ತಿಂಗಳು ಬಂದ ಅಪೆಂಡಿಕ್ಸ್ ನೋವು ಔಷಧಿಗೆ ಇಳಿದಿತ್ತು. ಅದನ್ನು ತೆಗೆಸಿಕೊಂಡೇ ಹೋಗೋಣವೆಂದು ಈಗ ಬೀಗರ ಮನೆಗೆ ಬಂದವನ ಹಾಗೆ ಮಂಚದ ಮೇಲೆ ಕೂತಿದ್ದ.

"ಹೊಟ್ಟಿ ಖಾಲಿ ಇರಬೇಕು. ಏನರ ತಿಂದ್ರ ಇವತ್ತ ಆಪರೇಷನ್ ಆಗಂಗಿಲ್ಲ," ಎಂದ ಧನರಾಜ.

"ತಿನ್ನಂಗಿಲ್ಲ ಬಿಡ್ರಿ ಸಾಹೇಬ್ರ."

ಕಾಮಣ್ಣ ತಿನ್ನದಿರಬಹುದು, ತಿನ್ನಿಸುವವರು ಬಿಡಬೇಕಲ್ಲ. ರೋಗಿಯನ್ನು ನೋಡಲು ಬರಿಗೈಯಲ್ಲಿ ಬರುವಷ್ಟು ಕೆಟ್ಟ ಜನ ಅಲ್ಲಿ ಯಾರೂ ಇರಲಿಲ್ಲ. ಪಕ್ಕದ ಮಂಚದ ಕುಂಭಾರಿಯ ಶಾರದಾಬಾಯಿ ಚಹಾ ಚಾಚಿದಳು. ಧನರಾಜ ಕಸಿದುಕೊಂಡ.

"ಚಾ ಏನ್ ಊಟ ಏನ್ರಿ? ಬಿಸಿ ನೀರ ಅದು," ಎಂದು ಅವಳು ಮುನಿಸಿಕೊಂಡಳು.

ದುಧನಿಯ ಬೀಗರು ತಂದ ಪೇಢೆ ದಿಂಬಿನ ಕೆಳಗೆ ಸಿಕ್ಕಿತು. ಧನರಾಜ ಸ್ಟೂಲು ಎಳೆದುಕೊಂಡು ಅಲ್ಲೇ ಕೂತುಬಿಟ್ಟ.

"ನಮ್ಮ ನಾಯಿನೂ ಕುರಿ ಹಿಂಗ ಕಾಯಂಗಿಲ್ರಿ," ಎಂದ ಕಾಮಣ್ಣ ಮೆಚ್ಚುಗೆಯಿಂದ.

ಕಾಯುವವನ ಹೊಟ್ಟೆಗೂ ಬೆಳಗಿನಿಂದ ಏನೂ ಬಿದ್ದಿರಲಿಲ್ಲ. ಹೊಕ್ಕುಳ ಸುತ್ತ ಏನೋ ಹಿಂಡುತ್ತಿತ್ತು.

"ಸರ್, ಮಾರಿ ಬಾಡ್ಯದ. ಏನರ ತಿನ್ರಿ," ಎಂದಳು ಜೂನಿಯರ್ ಪ್ರಣಿತಾ.

"ಬ್ಯಾಡ. ಸಾತಲಿಂಗಪ್ಪ ಸರ್‌ನ ನೆನಸಿದ್ರ ಹೊಟ್ಟಿ ನೋಯ್ತದ, ಅಷ್ಟ."

"ನಂದೂ ಒಂದು ಅಪೆಂಡಿಕ್ಸ್ ಬಾಕಿ ಅದ ಸರ್."

"ನಿನಗಿನ್ನೂ ವರ್ಷಗಟ್ಟಲೆ ಟೈಮ್ ಅದ. ಕಾಮಣ್ಣ ನನ್ನಂವ."

ಮಧ್ಯಾಹ್ನ ಧನರಾಜನಿಗೆ ವಾಂತಿಯಾಗುವಂತಾಗಿ ಅವನು ಬಾತ್‌ರೂಮಿಗೆ ಓಡಿದ. ಮರಳಿ ಬಂದಾಗ ಕಾಮಣ್ಣನ ಹಣೆಗೆ ಕುರಿಗಾರರ ದೇವರು ಬೀರೋಬಾನ ಭಂಡಾರದ ಅರಿಶಿನ ಹತ್ತಿತ್ತು. ಊರಿನ ಪೂಜಾರಿ ಖಂಡಪ್ಪ ಕೈಮುಗಿದು ಹೊರಟಿದ್ದ. ಭಂಡಾರ ಹಣೆಗೆ ತಾನೆ ಎಂದುಕೊಂಡು ಧನರಾಜ ರೋಗಿಯನ್ನು ಥಿಯೇಟರಿಗೆ ತಳ್ಳಿಸಿದ.

"ಏನರ ತಿಂದೀರೇನು?" ಎಂದು ಅರಿವಳಿಕೆಯ ಡಾಕ್ಟರು ಕೇಳಿದರು.

"ಇಲ್ರಿ. ಪ್ರಸಾದ ಅಷ್ಟ."

"ಪ್ರಸಾದ ಅಂದ್ರ?"

"ಎರಡು ಹೋಳಿಗಿ. ಮ್ಯಾಲ ತುಪ್ಪ. ದೇವರು ಕೊಟ್ಟಿದ್ದು ಬ್ಯಾಡ ಅನ್ನಾಕ ಆಗ್ತದೇನ್ರಿ?"

ಆಪರೇಷನ್ ನಾಳೆಗೆ ಹೋಯಿತು. ಸಾತಲಿಂಗಪ್ಪನವರು ಕನ್ನಡಕದ ಮೇಲಿಂದ ನೋಡಿದರು. "ಏನಪಾ ಧನರಾಜ, ಒಬ್ಬ ಪೇಶಂಟಿನ ಬಾಯಿ ಕಾಯಾಕ ಬರಂಗಿಲ್ಲ ನಿನಗ?"

ಉತ್ತರ ಕೊಡಲು ಬಾಯಿ ತೆರೆದ ಧನರಾಜ ಹೊಟ್ಟೆಯ ಬಲಗಡೆ ಹಿಡಿದುಕೊಂಡು ನೆಲಕ್ಕೆ ಕುಸಿದ. ಪ್ರಣಿತಾ ಅಲ್ಲಿ ಒತ್ತಿ, ಥಟ್ಟನೆ ಕೈ ಬಿಟ್ಟಳು. ಅವನು ಚೀರಿದ.

"ಒತ್ತಿದಾಗಿನಕ್ಕಿಂತ ಬಿಟ್ಟಾಗ ನೋವು ಜಾಸ್ತಿ ಏನ್ರಿ ಸರ್?"

ಹೌದೆಂದರೆ ಅದು ಅಪೆಂಡಿಕ್ಸೇ ಎಂದು ಅವಳಿಗೆ ಕಲಿಸಿದವನೇ ಅವನು. ಸ್ಕ್ಯಾನ್ ಮಾಡಿದರೆ ಅಪೆಂಡಿಕ್ಸು ಹೆಬ್ಬೆರಳಿನಂತೆ ಊದಿತ್ತು.

"ಮುಂಜಾನಿಂದ ಏನರ ತಿಂದೀಯೇನಪಾ?" ಎಂದರು ಸಾತಲಿಂಗಪ್ಪ.

"ನೀರೂ ಕುಡದಿಲ್ರಿ," ಎಂದ ಧನರಾಜ, ಅಳುವ ದನಿಯಲ್ಲಿ.

"ಶಾಣ್ಯಾ. ಹೊಟ್ಟಿ ಖಾಲಿ ಇಟ್ಕೊಂಡಂವ ಇಡೀ ವಾರ್ಡಿನ್ಯಾಗ ನೀನೊಬ್ಬನ. ಥಿಯೇಟರ್ ಖಾಲಿ ಅದ. ಪ್ರಣಿತಾ, ಕೈ ತೊಳ್ಕೊ, ನಾ ಬಾಜೂಕ ನಿಂದರ್ತೀನಿ."

ಸಂಜೆ ಧನರಾಜನಿಗೆ ಎಚ್ಚರವಾದಾಗ ಪ್ರಣಿತಾಳ ಲಾಗ್‌ಬುಕ್ಕಿನ ಮೇಲೆ ಸಾತಲಿಂಗಪ್ಪನವರ ಸಹಿ ಒಣಗುತ್ತಿತ್ತು. ಕಾಮಣ್ಣನ ಹೆಂಡತಿ ಗುರುಬಾಯಿ ಹೋಳಿಗೆಯ ಗಂಟು ಬಿಚ್ಚಿದಳು. "ಪಾಪ, ಮುಂಜಾನಿಂದ ಉಪಾಸ ಅದಾರ. ಒಂದ ಹೋಳಿಗಿ ತಿನ್ರಿ ಡಾಕ್ಟರ."

ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಕಾಮಣ್ಣ ಅವಳ ಕೈ ತಡೆದ. "ಏ, ಕೊಡಬ್ಯಾಡ. ಆಪರೇಷನ್ ಆಗ್ಯದ, ಅವರು ಏನೂ ತಿನ್ನಂಗಿಲ್ಲ. ನನ್ನ ಅಷ್ಟೊತ್ತು ಕಾಯ್ದಾರ, ಈಗ ನಾ ಅವರನ್ನ ಕಾಯಾಕತ್ತೀನಿ."

ಬಿಚ್ಚಿದ ಹೋಳಿಗೆ ಕೆಡಬಾರದೆಂದು ಅದನ್ನೂ ತಾನೇ ತಿಂದ.